ಬಸುರಿ ಅಂತ ಸುಳ್ಳು ಹೇಳಿದ ಶಿಬಾತಾಳ ಕಥೆ ಓದಬೇಕಾ, ಬೇಡ್ವಾ?

ನಿಮ್ಮ ಪ್ರಶ್ನೆ ನೋಡಿದೆ. ‘ಡೈರಿ ಆಫ್ ಎ ವಾಯ್ಡ್’ ಅನ್ನೋ ಜಪಾನಿ ಕಾದಂಬರಿ ಓದಬೇಕು ಅಂತಿದ್ದೀರಿ. ಆದರೆ ಒಬ್ಬರು ತುಂಬಾ ನಕ್ಕೆ ಅಂತಾರೆ, ಇನ್ನೊಬ್ಬರು ಏನೂ ನಡೆಯಲ್ಲ, ಬೋರು ಅಂತಾರೆ, ಮತ್ತೊಬ್ಬರಿಗೆ ಬಸುರಿ ಅಂತ ಸುಳ್ಳು ಹೇಳೋ ಕಥೆಯೇ ಸರಿ ಕಂಡಿಲ್ಲ. ಯಾರ ಮಾತು ನಂಬಲಿ ಅಂತ ಕೇಳಿದ್ದೀರಿ.

ಓದಿ ಅಂತಲೇ ಹೇಳ್ತೀನಿ. ನಾನು ಎರಡು ಸಲ ಓದಿದ್ದೇನೆ. ನನ್ನ ಪ್ರತಿಯನ್ನು ಅಕ್ಕನಿಗೆ, ಒಬ್ಬ ಗೆಳತಿಗೆ, ಹಳೇ ಆಫೀಸಿನ ಒಬ್ಬ ಸಹೋದ್ಯೋಗಿಗೆ ಕೊಟ್ಟಿದ್ದೆ. ಮೂವರೂ ಮೂರು ಥರ ಹೇಳಿದರು, ಮೂವರ ಮಾತಲ್ಲೂ ನನಗೆ ನ್ಯಾಯ ಕಂಡಿತು. ಅದನ್ನೆಲ್ಲ ಸೇರಿಸಿ ಬರೀತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಕಥೆ. ಟೋಕಿಯೋದಲ್ಲಿ ಶಿಬಾತಾ ಅಂತ ಒಬ್ಬಳು. ವಯಸ್ಸು 34, ಮದುವೆ ಆಗಿಲ್ಲ, ಒಬ್ಬಳೇ ಇರ್ತಾಳೆ. ಹಿಂದಿನ ಕೆಲಸದಲ್ಲಿ ಗಂಡಸರ ಕಾಟ ತಾಳಲಾರದೆ ಬಿಟ್ಟು ಬಂದವಳು. ಈಗಿರೋದು ರಟ್ಟಿನ ಕೊಳವೆ ತಯಾರಿಸುವ ಕಂಪನಿಯಲ್ಲಿ. ಅಂಗಡಿಯಲ್ಲಿ ಪರದೆ ಬಟ್ಟೆ ಸುತ್ತಿಟ್ಟಿರ್ತಾರಲ್ಲ, ಬಟ್ಟೆ ಪೂರ್ತಿ ಬಿಚ್ಚಿದ ಮೇಲೆ ಒಳಗೊಂದು ಗಟ್ಟಿ ಕೊಳವೆ ಉಳಿಯುತ್ತೆ ನೋಡಿ, ಅಂಥದ್ದು. ಅವಳ ವಿಭಾಗದಲ್ಲಿ ಹೆಂಗಸು ಅಂದರೆ ಇವಳೊಬ್ಬಳೇ. ಹಾಗಾಗಿ ಕಾಫಿ ಕೊಡೋದು, ಕಪ್ಪು ತೊಳೆಯೋದು, ಯಾರೂ ಮಾಡದ ಸಣ್ಣಪುಟ್ಟ ಕೆಲಸ ಎಲ್ಲ ತಾನಾಗಿಯೇ ಇವಳ ಪಾಲಿಗೆ ಬಂದಿದೆ. ಒಂದು ದಿನ ಮೀಟಿಂಗ್ ಮುಗಿದು ಎಷ್ಟೋ ಹೊತ್ತಾದರೂ ಕಪ್ಪುಗಳು ಮೇಜಿನ ಮೇಲೆ ಹಾಗೇ ಬಿದ್ದಿರುತ್ತವೆ, ಒಳಗೆ ಸಿಗರೇಟಿನ ತುಂಡು ಬೇರೆ. ಇದನ್ನು ಎತ್ತಿಡೋದಿಲ್ವಾ ಅನ್ನೋ ಹಾಗೆ ಮೇಲಿನವರು ಕೇಳ್ತಾರೆ. ಇವಳು ‘ನಾನು ಬಸುರಿ, ಈ ವಾಸನೆಗೆ ವಾಕರಿಕೆ ಬರುತ್ತೆ’ ಅಂದುಬಿಡ್ತಾಳೆ. ಅಷ್ಟೇ. ಮೊದಲೇ ಯೋಚಿಸಿದ ಸುಳ್ಳಲ್ಲ. ಬಾಯಿಂದ ಬಂತು, ಎಲ್ಲರೂ ನಂಬಿದರು. ಅಲ್ಲಿಂದ ಮುಂದೆ ಪುಸ್ತಕ ವಾರದ ಲೆಕ್ಕದಲ್ಲಿ ಹೋಗುತ್ತೆ. 5ನೇ ವಾರದಿಂದ ಶುರು.

ಬರೆದವರು ಎಮಿ ಯಾಗಿ. 1988ರಲ್ಲಿ ನಾಗಾನೊದಲ್ಲಿ ಹುಟ್ಟಿದವರು, ಮಹಿಳೆಯರ ಪತ್ರಿಕೆಯೊಂದರಲ್ಲಿ ಸಂಪಾದಕಿ. ಇದು ಅವರ ಮೊದಲ ಕಾದಂಬರಿ. 2020ರಲ್ಲಿ ಜಪಾನಿನಲ್ಲಿ ದಜಾಯಿ ಒಸಾಮು ಪ್ರಶಸ್ತಿ ಬಂತು, 2022ರಲ್ಲಿ ಇಂಗ್ಲಿಷ್‌ಗೆ ಬಂತು. ನಾನು ಓದಿದ್ದು ಇಂಗ್ಲಿಷ್ ಅನುವಾದ. ಭಾಷೆ ಬಹಳ ಸರಳವಾಗಿದೆ, ಇಂಗ್ಲಿಷ್ ಕಾದಂಬರಿ ಓದಿ ಅಷ್ಟು ಅಭ್ಯಾಸ ಇಲ್ಲದಿದ್ದರೂ ಭಯ ಬೇಡ.

ಈಗ ಬೋರು ಅಂದವರ ವಿಷಯ. ನನ್ನ ಸಹೋದ್ಯೋಗಿಯೂ ಅದನ್ನೇ ಹೇಳಿದರು. ಬಸುರಿ ನಾಟಕ ಅಂದ ತಕ್ಷಣ ನಮಗೆಲ್ಲ ಸಿನಿಮಾದ ಹಾಸ್ಯವೇ ಕಣ್ಣಮುಂದೆ ಬರುತ್ತೆ. ಹೊಟ್ಟೆಗೆ ದಿಂಬು ಕಟ್ಟಿಕೊಳ್ಳೋದು, ಅತ್ತೆ ಎದುರಿಗೇ ದಿಂಬು ಜಾರೋದು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗ್ತೀನಿ ಅಂದಾಗ ಓಡಿಹೋಗೋದು. ಅವರು ಪುಸ್ತಕದ ಉದ್ದಕ್ಕೂ ಅದಕ್ಕಾಗಿ ಕಾದರು. ಶಿಬಾತಾಳೂ ಹೊಟ್ಟೆ ಕಾಣೋ ಹಾಗೆ ಬಟ್ಟೆ ತುಂಬಿಕೊಳ್ತಾಳೆ, ಅದು ನಿಜ. ಆದರೆ ಯಾರಾದರೂ ಕಂಡುಹಿಡಿದುಬಿಟ್ಟರೆ ಅನ್ನೋ ಭಯದ ಮೇಲೆ ಕಥೆ ನಿಂತಿಲ್ಲ. ಕಂಪನಿಯವರು ಕಾಗದಪತ್ರ ಕೇಳಲ್ವಾ, ಇಷ್ಟು ಸುಲಭವಾ ಅಂತ ಬಹಳ ಜನ ತಕರಾರು ತೆಗೀತಾರೆ. ಲೇಖಕಿ ಅದನ್ನು ಜಾಸ್ತಿ ತಲೆಗೆ ಹಚ್ಚಿಕೊಂಡಿಲ್ಲ. ನನಗೂ ಅದು ದೊಡ್ಡ ಕೊರತೆ ಅನ್ನಿಸಲಿಲ್ಲ. ಪಕ್ಕದಲ್ಲೇ ಕೂತವಳನ್ನು ಇಷ್ಟು ದಿನ ಯಾರೂ ಸರಿಯಾಗಿ ನೋಡೇ ಇರಲಿಲ್ಲ, ಈಗ ಹೊಟ್ಟೆಯನ್ನು ಮಾತ್ರ ನೋಡ್ತಾರೆ. ನಗು ಇರೋದು ಅಲ್ಲಿ. ಪಕ್ಕದ ಮೇಜಿನ ಹಿಗಾಶಿನಕಾನೊ ಅನ್ನೋ ಸಹೋದ್ಯೋಗಿ ಅವಳ ಆರೋಗ್ಯ ವಿಚಾರಿಸೋದು, ಕಾಳಜಿ ತೋರಿಸೋದು, ಅದಕ್ಕೆ ಇವಳು ಮನಸ್ಸಲ್ಲೇ ಕೊಡೋ ಉತ್ತರಗಳು. ಅಂಥ ಕಡೆ ನಾನು ಒಬ್ಬಳೇ ಕೂತು ಜೋರಾಗಿ ನಕ್ಕಿದ್ದೇನೆ.

ನಮ್ಮಲ್ಲಿ ಮದುವೆಯಾದ ಹುಡುಗಿ ಸಿಕ್ಕರೆ ಸಾಕು, ನೆಂಟರು ‘ಏನಮ್ಮ, ಏನಾದ್ರೂ ವಿಶೇಷ ಇದ್ಯಾ?’ ಅಂತ ಕೇಳ್ತಾರಲ್ಲ, ಈ ಪುಸ್ತಕ ಓದುವಾಗ ನನಗೆ ಆ ಮಾತೇ ನೆನಪಾಗ್ತಿತ್ತು. ಕೆಲಸದಲ್ಲಿ ಬಡ್ತಿ ಬಂದರೆ ವಿಶೇಷ ಅಲ್ಲ. ಹೊಸ ಊರು ನೋಡಿಬಂದರೂ ಅಲ್ಲ. ಬಸುರಾದರೆ ಮಾತ್ರ ವಿಶೇಷ. ಶಿಬಾತಾ ಒಂದು ಸುಳ್ಳಿನಿಂದ ಆ ‘ವಿಶೇಷ’ದ ಕಡೆಗೆ ದಾಟಿಬಿಡ್ತಾಳೆ. ಅದರಿಂದ ಅವಳಿಗೆ ಸಿಗೋದಾದರೂ ಏನು ನೋಡಿ. ಸಂಜೆ 5ಕ್ಕೆ ಆಫೀಸಿಂದ ಹೊರಡೋದು. ಮನೆಗೆ ಬಂದು ನಿಧಾನವಾಗಿ ಅಡುಗೆ ಮಾಡಿ ಉಣ್ಣೋದು, ಸ್ನಾನ ಮಾಡೋದು, ಸಿನಿಮಾ ನೋಡೋದು. ದುಡ್ಡಲ್ಲ, ಅಧಿಕಾರ ಅಲ್ಲ. ಒಂದು ಸಂಜೆ. ಇಷ್ಟಕ್ಕೆ ಒಬ್ಬ ಹೆಂಗಸು ಇಷ್ಟು ದೊಡ್ಡ ಸುಳ್ಳು ಹೇಳಬೇಕಾಯ್ತಲ್ಲ ಅಂತ ನನಗೆ ಗಂಟಲು ಕಟ್ಟಿತು.

ನನಗೆ ಇದು ಯಾಕೆ ಇಷ್ಟು ನಾಟಿತು ಅಂತಲೂ ಹೇಳಿಬಿಡ್ತೀನಿ. ಬೆಂಗಳೂರಿನ ಒಂದು ಆಫೀಸಿನಲ್ಲಿ ಆರು ವರ್ಷ ಇದ್ದೆ. ನಮ್ಮ ಟೀಮಿನಲ್ಲಿ ಯಾರದ್ದೇ ಬರ್ತ್‌ಡೇ ಬಂದರೂ ಕೇಕ್ ತರಿಸೋದು, ಕತ್ತರಿಸಿ ಹಂಚೋದು, ಆಮೇಲೆ ಪೇಪರ್ ಪ್ಲೇಟ್ ಬಳಿದು ಟೇಬಲ್ ಒರೆಸೋದು ನಾನೇ. ಮಾಡು ಅಂತ ಯಾರೂ ಹೇಳಿರಲಿಲ್ಲ. ಮೊದಲ ಸಲ ಮಾಡಿದೆ, ಅದು ನನ್ನದೇ ಆಗಿಹೋಯ್ತು. ಸಂಜೆ ಹೊತ್ತು ಏನಾದರೂ ಅರ್ಜೆಂಟ್ ಬಂದರೆ ‘ನಿಮಗೇನು ಮೇಡಂ, ಮನೇಲಿ ಮಕ್ಕಳಿಲ್ಲ, ಸ್ವಲ್ಪ ಇದ್ದು ಮುಗಿಸಿಬಿಡಿ’ ಅಂತಿದ್ದರು. ಮಕ್ಕಳಿದ್ದವರು ಬೇಗ ಹೋಗೋದರ ಬಗ್ಗೆ ನನಗೆ ಒಂದು ಚೂರೂ ಬೇಸರ ಇರಲಿಲ್ಲ, ಅವರು ಮನೆಗೆ ಹೋಗಿ ಇನ್ನೊಂದು ಪಾಳಿ ಕೆಲಸ ಮಾಡ್ತಿದ್ದರು ಅಂತ ಗೊತ್ತಿತ್ತು. ಆದರೆ ನನ್ನ ಸಂಜೆ ಯಾರು ಬೇಕಾದರೂ ತಗೋಬಹುದಾದ ಸಂಜೆ ಅಂತ ಎಲ್ಲರೂ ಅಂದುಕೊಂಡಿದ್ದರಲ್ಲ, ಅದು ನೋವು ಕೊಡ್ತಿತ್ತು. ಬೇಡ ಅಂತ ಬಾಯಿಬಿಟ್ಟು ಹೇಳೋಕೆ ನನ್ನ ಹತ್ತಿರ ಒಪ್ಪುವಂಥ ಕಾರಣ ಇರಲಿಲ್ಲ. ಸುಸ್ತಾಗಿದೆ ಅನ್ನೋದು ಕಾರಣವೇ ಅಲ್ಲ ತಾನೇ? ಶಿಬಾತಾಳಿಗೆ ಒಂದು ಕಾರಣ ಹೊಳೆಯಿತು.

ಸಹೋದ್ಯೋಗಿ ಇನ್ನೊಂದು ಪ್ರಶ್ನೆ ಕೇಳಿದರು. ಜಪಾನಿನಂಥ ದೇಶದಲ್ಲಿ ಈಗಲೂ ಹೆಂಗಸರು ಆಫೀಸಿನಲ್ಲಿ ಕಾಫಿ ಕೊಡ್ತಾರಾ, ಇದು ಕಟ್ಟುಕಥೆ ಅಲ್ವಾ ಅಂತ. ಅಲ್ಲ. ಇದಕ್ಕೆ ಅಲ್ಲಿ ಒಂದು ಹೆಸರೇ ಇದೆ, ಓಚಾಕುಮಿ, ಅಂದರೆ ಚಹಾ ಬಗ್ಗಿಸಿ ಕೊಡೋದು. ಆಫೀಸಿನ ಹೆಂಗಸರ ಕೆಲಸ ಅಂತಲೇ ಅದು ಬಹಳ ಕಾಲ ನಡೆದುಬಂದಿದೆ. ಉದ್ಯೋಗದಲ್ಲಿ ಗಂಡು ಹೆಣ್ಣಿಗೆ ಸಮಾನ ಅವಕಾಶ ಕೊಡಬೇಕು ಅನ್ನೋ ಕಾನೂನು 1985ರಲ್ಲೇ ಆಗಿ ಮಾರನೇ ವರ್ಷ ಜಾರಿಗೆ ಬಂತು, ಆದರೂ ಕಪ್ಪು ತೊಳೆಯೋರು ಯಾರು ಅನ್ನೋದನ್ನು ಕಾನೂನು ಹೇಳಲ್ಲ ನೋಡಿ. ಅದರ ಜೊತೆಗೆ ಅಲ್ಲಿ ಮಕ್ಕಳು ಹುಟ್ಟೋದು ವರ್ಷ ವರ್ಷ ಕಡಿಮೆ ಆಗ್ತಿದೆ, 2022ರಲ್ಲಿ 8 ಲಕ್ಷಕ್ಕಿಂತ ಕೆಳಗೆ ಹೋಯ್ತು. ಬಸುರಿಯರು ಬ್ಯಾಗಿಗೆ ತೂಗುಹಾಕಿಕೊಳ್ಳೋ ಒಂದು ಬಿಲ್ಲೆ 2006ರಿಂದ ಇದೆ. ರೈಲಿನಲ್ಲಿ ಜನ ನೋಡಿ ಜಾಗ ಬಿಡಲಿ ಅಂತ. ಇದನ್ನೆಲ್ಲ ತಿಳಿದುಕೊಂಡು ಓದಿದರೆ, ಒಬ್ಬಳು ಬಸುರಿ ಅಂದಾಗ ಆಫೀಸಿಗೆ ಆಫೀಸೇ ಯಾಕೆ ಹಾಗೆ ಬದಲಾಗುತ್ತೆ ಅಂತ ಅರ್ಥ ಆಗುತ್ತೆ.

ಹೆಸರಿನ ಬಗ್ಗೆಯೂ ಒಂದು ಮಾತು, ನನಗೆ ಬಹಳ ಇಷ್ಟವಾಗಿದ್ದು. ಮೂಲ ಹೆಸರು ‘ಕೂಶಿನ್ ತೆಚೋ’. ಕೂಶಿನ್ ಅಂದರೆ ಒಳಗೆ ಖಾಲಿ ಇರೋ ತಿರುಳು, ಆ ರಟ್ಟಿನ ಕೊಳವೆ ಥರ. ತೆಚೋ ಅಂದರೆ ಕಿರುಪುಸ್ತಕ. ಜಪಾನಿನಲ್ಲಿ ಬಸುರಿ ಅಂತ ನೋಂದಾಯಿಸಿದ ತಕ್ಷಣ ಸ್ಥಳೀಯ ಆಡಳಿತದವರು ಬೋಶಿ ತೆಚೋ, ತಾಯಿ ಮಗುವಿನ ಪುಸ್ತಕ ಕೊಡ್ತಾರೆ. ಬಸುರಿಯರ ಪುಸ್ತಕ ಅಂತ 1942ರಲ್ಲಿ ಶುರುವಾಗಿದ್ದು, 1948ರಿಂದ ತಾಯಿ ಮಗು ಇಬ್ಬರದ್ದೂ ಆಯ್ತು. ನಮ್ಮ ತಾಯಿ ಕಾರ್ಡ್ ಇದೆಯಲ್ಲ, ಹಾಗೇ. ಅಕ್ಕನ ತಾಯಿ ಕಾರ್ಡ್ ನಾನೇ ಎಷ್ಟೋ ಸಲ ಆಸ್ಪತ್ರೆಗೆ ಹಿಡಿದುಕೊಂಡು ಹೋಗಿದ್ದೇನೆ. ತೂಕ, ಬಿಪಿ, ಕಬ್ಬಿಣದ ಮಾತ್ರೆ, ಚುಚ್ಚುಮದ್ದು, ಎಲ್ಲಕ್ಕೂ ಒಂದೊಂದು ಖಾನೆ. ಆ ಸರ್ಕಾರಿ ಪುಸ್ತಕದ ಜಾಗದಲ್ಲಿ ಶಿಬಾತಾ ಖಾಲಿ ಹೊಟ್ಟೆಯ ದಿನಚರಿ ಬರೀತಿದ್ದಾಳೆ ಅಂತ ತಿಳಿದ ಮೇಲೆ ನಾನು ಪುಸ್ತಕವನ್ನು ಮೊದಲಿಂದ ಮತ್ತೆ ಓದಿದೆ.

ಅಕ್ಕನಿಗೆ ಎರಡು ಮಕ್ಕಳು. ಅವಳಿಗೆ ಮೊದಲರ್ಧ ಸಿಟ್ಟು ತರಿಸಿತು. ‘ವಾಂತಿ ಇಲ್ಲ, ಕಾಲು ಊತ ಇಲ್ಲ, ರಾತ್ರಿಯೆಲ್ಲ ಮಗ್ಗಲು ಬದಲಿಸೋದು ಇಲ್ಲ, ಒಳ್ಳೇದನ್ನು ಮಾತ್ರ ಆರಿಸಿಕೊಂಡು ತಿಂದಳು ಇವಳು’ ಅಂದಳು. ಬಸುರಿ ಅಂದರೆ ಎಲ್ಲರೂ ಮೆತ್ತಗೆ ಮಾತಾಡ್ತಾರೆ ಅನ್ನೋದನ್ನೂ ಅವಳು ಒಪ್ಪಲಿಲ್ಲ. ಅವಳ ಮೊದಲ ಹೆರಿಗೆ ಹೊತ್ತಿಗೆ ನಮ್ಮಲ್ಲಿ ಹೆರಿಗೆ ರಜೆ ಇನ್ನೂ 12 ವಾರ, 26 ಆಗಿದ್ದು 2017ರಲ್ಲಿ. ಆ 12 ವಾರ ಕೊಡುವಾಗಲೂ ಅವಳ ಕೆಲಸದ ಜಾಗದಲ್ಲಿ ಮುಖ ಗಂಟಿಕ್ಕಿದ್ದರು. ಜಪಾನಿನಲ್ಲಂತೂ ಬಸುರಿಯರಿಗೆ ಆಫೀಸಿನಲ್ಲಿ ಕೊಡೋ ಕಾಟಕ್ಕೆ ‘ಮತಹರ’ ಅಂತ ಪದವೇ ಹುಟ್ಟಿದೆ. ಹಾಗಾಗಿ ಅಕ್ಕನ ಮಾತು ಸುಮ್ನೆ ತಳ್ಳಿಹಾಕೋ ಮಾತಲ್ಲ.

ಆದರೆ ಮುಂದೊಂದು ಭಾಗ ಇದೆ. ಶಿಬಾತಾ ಬಸುರಿಯರ ಏರೋಬಿಕ್ಸ್ ಕ್ಲಾಸಿಗೆ ಸೇರ್ತಾಳೆ. ಅಲ್ಲಿ ಸಿಕ್ಕ ಗೆಳತಿಯೊಬ್ಬಳು ಹೆರಿಗೆ ಆದ ಮೇಲೆ ತನ್ನ ಸುಸ್ತು, ಗಂಡನ ಮೇಲಿನ ಸಿಟ್ಟು ಎಲ್ಲ ಇವಳ ಮುಂದೆ ಹೇಳಿಕೊಳ್ತಾಳೆ. ಸುಳ್ಳು ಬಸುರಿಯ ಮುಂದೆ ನಿಜವಾದ ಬಾಣಂತಿ ಅಳೋ ಮಾತು. ಅದನ್ನು ಓದಿದ ರಾತ್ರಿ ಅಕ್ಕ 11 ಗಂಟೆಗೆ ಫೋನ್ ಮಾಡಿದಳು. ಬಾಣಂತನದ ದಿನಗಳಲ್ಲಿ ಅವಳು ನನಗೆ ಯಾವತ್ತೂ ಹೇಳದ ಎಷ್ಟೋ ವಿಷಯ ಅವತ್ತು ಹೇಳಿದಳು. ಎಣ್ಣೆ ನೀರು, ಖಾರ, ಸಾಂಬ್ರಾಣಿ ಹೊಗೆ ಎಲ್ಲ ನಡೀತಿದ್ದ ಮನೆಯಲ್ಲಿ, ಅಷ್ಟು ಜನರ ನಡುವೆ, ತನ್ನನ್ನು ಒಬ್ಬರೂ ಹೆಸರು ಹಿಡಿದು ಕರೀತಿರಲಿಲ್ಲ ಅಂದಳು. ಎಲ್ಲರಿಗೂ ‘ಬಾಣಂತಿ’, ಆಮೇಲೆ ‘ಮಗುವಿನ ಅಮ್ಮ’. ನಾನು ಆಗ ಅದೇ ಮನೆಯಲ್ಲಿದ್ದೆ. ನನಗೂ ಗೊತ್ತಾಗಿರಲಿಲ್ಲ.

ಗೆಳತಿಯ ಕಥೆ ಬೇರೆ. ಮಗುವಿಗಾಗಿ ವರ್ಷಗಟ್ಟಲೆ ಚಿಕಿತ್ಸೆ ತಗೊಂಡವಳು. ಸುಮಾರು 40 ಪುಟ ಓದಿ ಪುಸ್ತಕ ವಾಪಸ್ ಕೊಟ್ಟಳು. ‘ಚೆನ್ನಾಗಿದೆ, ನನಗೆ ಆಗಲ್ಲ’ ಅಂದಳು. ಕೊಡೋ ಮೊದಲು ನಾನು ಯೋಚಿಸಬೇಕಿತ್ತು, ತಪ್ಪು ನನ್ನದೇ. ನಿಮಗೂ, ನೀವು ಕೊಡೋರಿಗೂ ಅಂಥ ನೋವು ಇದ್ದರೆ ಈ ಪುಸ್ತಕ ಈಗ ಬೇಡ. ಸುಳ್ಳು ಹೇಳೋದು ತಪ್ಪು ಅಂತ ಸಿಟ್ಟಾದವರಲ್ಲಿ ಅಂಥವರೂ ಇರಬಹುದು, ಅವರ ಜೊತೆ ವಾದಕ್ಕೆ ಇಳೀಬೇಡಿ.

ಕೊನೆಯ ಭಾಗದ ಬಗ್ಗೆ ಓದುಗರು ಜಾಸ್ತಿ ಜಗಳ ಆಡ್ತಾರೆ. ಅರ್ಧ ದಾಟಿದ ಮೇಲೆ ಸುಳ್ಳು ಎಲ್ಲಿ ಮುಗೀತು, ನಿಜ ಎಲ್ಲಿ ಶುರುವಾಯ್ತು ಅಂತ ನಮಗೇ ಗೊಂದಲ ಆಗುತ್ತೆ. ಅವಳಿಗೆ ಭ್ರಮೆಯಾ, ನಮಗೇ ಅವಳು ಸುಳ್ಳು ಹೇಳ್ತಿದ್ದಾಳಾ? ಕೆಲವರಿಗೆ ಇದು ಮೋಸ ಅನ್ನಿಸಿದೆ. ನನಗೆ ಹಾಗನ್ನಿಸಲಿಲ್ಲ. ವಾರ ವಾರವೂ ಒಂದು ವಿಷಯವನ್ನು ಅಷ್ಟು ಜೋಪಾನವಾಗಿ ಸಾಕಿದವಳಿಗೆ ಅದು ನಿಜವಾಗಿ ಒದೆಯೋಕೆ ಶುರುಮಾಡಿದರೆ ನಾನಂತೂ ನಂಬ್ತೀನಿ. ಕಥೆ ಹೇಗೆ ಮುಗಿಯುತ್ತೆ ಅಂತ ಹೇಳಲ್ಲ. ನಡುವೆ ಸುಮಾರು 30 ಪುಟ ನಿಧಾನ ಇದೆ ಅನ್ನೋದನ್ನು ಮಾತ್ರ ಒಪ್ಪಿಕೊಳ್ತೀನಿ, ಅಲ್ಲಿ ಪುಸ್ತಕ ಕೆಳಗಿಟ್ಟುಬಿಡಬೇಡಿ.

ಇನ್ನೂ ಅನುಮಾನ ಇದ್ದರೆ ಎಲ್ಲಾದರೂ ಸಿಕ್ಕಾಗ ಮೊದಲ ಕೆಲವು ಪುಟ ಓದಿ ನೋಡಿ. ಆ ಕಾಫಿ ಕಪ್ಪಿನ ಪ್ರಸಂಗ ಅಲ್ಲೇ ಬರುತ್ತೆ. ಅದನ್ನು ಓದುವಾಗ ನಿಮ್ಮ ಆಫೀಸೋ ಮನೆಯೋ ನೆನಪಾದರೆ ಕೊಂಡುಕೊಳ್ಳಿ. ಓದಿ ಮುಗಿಸಿದ ಮೇಲೆ ಕೊನೆಯ ಭಾಗ ನಿಮಗೆ ಹೇಗೆ ಅನ್ನಿಸಿತು ಅಂತ ಇಲ್ಲೇ ಬರೀರಿ, ಅಕ್ಕನೂ ನಾನೂ ಇನ್ನೂ ಅದರ ಬಗ್ಗೆಯೇ ವಾದ ಮಾಡ್ತಿದ್ದೇವೆ.