ಬೆಪ್ಪುವಿನ ಚಳಿಗಾಲದ ಬಗ್ಗೆ ಕೇಳಿದ್ದಕ್ಕೆ

ಸೆಪ್ಟೆಂಬರಿನಲ್ಲಿ ದಾವಣಗೆರೆಯಿಂದ ಜಪಾನಿನ ಬೆಪ್ಪುವಿಗೆ ಓದಲು ಬರುತ್ತಿದ್ದೀಯ. (ಊರಿನ ಹೆಸರು ಕೇಳಿ ಮನೆಯವರೆಲ್ಲ ನಕ್ಕು ಮುಗಿಸಿರಬೇಕು.) ಚಳಿಗಾಲದಲ್ಲಿ ಹಿಮ ಬೀಳುತ್ತದೆಯೇ, ಬಿಸಿನೀರಿನಲ್ಲಿ ಕೂರುವ ಕೋತಿಗಳು ಎಲ್ಲಿ ಸಿಗುತ್ತವೆ, ಸ್ನಾನಕ್ಕೆ ನಿಜಕ್ಕೂ ಬಟ್ಟೆಯಿಲ್ಲದೆ ಇಳಿಯಬೇಕೆ, ಸಸ್ಯಾಹಾರಿಗೆ ಏನು ಗತಿ ಎಂದು ಕೇಳಿದ್ದೀಯ. ಅಕ್ಕಾ ಎಂದು ಕರೆದಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಕೋತಿಗಳ ಆಸೆ ಬಿಡು. ನೀನು ಚಿತ್ರದಲ್ಲಿ ನೋಡಿರುವುದು ಹೋನ್ಶು ದ್ವೀಪದ ನಗಾನೊ ಪ್ರಾಂತ್ಯದ ಜಿಗೊಕುದಾನಿ. ನಾವಿರುವುದು ದಕ್ಷಿಣದ ಕ್ಯೂಶು ದ್ವೀಪದಲ್ಲಿ. ನಮ್ಮ ಪಕ್ಕದ ತಕಸಾಕಿಯಾಮ ಬೆಟ್ಟದಲ್ಲೂ ಕೋತಿಗಳಿವೆ, ಆದರೆ ಅವು ನೀರಿಗಿಳಿಯುವುದಿಲ್ಲ. ಚಳಿಯೇರಿದರೆ ಮರಿಗಳನ್ನು ನಡುವೆ ತೂರಿಸಿಕೊಂಡು ಒಂದಕ್ಕೊಂದು ಅಂಟಿ ಮುದ್ದೆಗಟ್ಟಿ ಕೂರುತ್ತವೆ. ಹೊರಗಿನ ಸುತ್ತಿನಲ್ಲಿ ಸಿಕ್ಕಿಬಿದ್ದವು ಒಳಗೆ ನುಗ್ಗಲು ಮಾಡುವ ಹುನ್ನಾರಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹಿಮವೂ ಊರೊಳಗೆ ಅಪರೂಪ. ಜನವರಿಯಲ್ಲಿ ಹಗಲು ಸುಮಾರು 10 ಡಿಗ್ರಿ, ರಾತ್ರಿ ಎರಡು ಮೂರಕ್ಕೆ ಇಳಿಯುತ್ತದೆ. ನಿನ್ನ ವಿಶ್ವವಿದ್ಯಾಲಯ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿ, ಮಂಜು ಎರಡೂ ಜೋರು. ಊರಿಗೆ ಇಳಿಯುವುದನ್ನು ವಿದ್ಯಾರ್ಥಿಗಳು ‘ಭೂಲೋಕಕ್ಕೆ ಹೋಗುವುದು’ ಎನ್ನುತ್ತಾರೆ.

ಇಲ್ಲಿನ ಚಳಿಗಾಲ ಎಂದರೆ ಹಬೆ. ಊರಿನ ಬೆನ್ನಿಗಿರುವ ತ್ಸುರುಮಿ ಜ್ವಾಲಾಮುಖಿ (1,375 ಮೀಟರ್) ಕೊನೆಗೆ ಸಿಡಿದದ್ದು 867ರಲ್ಲಿ ಎಂದು ದಾಖಲೆಯಿದೆ. ಅದರ ಕಾವು ಮಾತ್ರ ಇಳಿದಿಲ್ಲ. 2,000ಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳು ಈ ಒಂದೇ ಊರಿನಲ್ಲಿವೆ. ಬೇಸಿಗೆಯಲ್ಲಿ ಆವಿ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಚಳಿಯಲ್ಲಿ ಹೊರಬಂದ ಮರುಕ್ಷಣವೇ ಹನಿಗಟ್ಟುವುದರಿಂದ ಕನ್ನಾವ ಬಡಾವಣೆಯಲ್ಲಿ ಚರಂಡಿ, ಗೋಡೆಯ ಸಂದು, ಮನೆಯ ಹಿತ್ತಲು ಎಲ್ಲೆಂದರಲ್ಲಿ ಬೆಳ್ಳನೆಯ ಕಂಬಗಳು ಏಳುತ್ತವೆ. ಬೆಳಿಗ್ಗೆ ಬೇಗ ಹೋಗು. ಪ್ರವಾಸಿಗಳು ಮುಗಿಬೀಳುವ ನೀಲಿ ಕೊಳ ‘ಉಮಿ ಜಿಗೊಕು’ವಿಗೆ ಮಾತ್ರ ಗಾಳಿಯಿರುವ ದಿನ ಹೋಗು, ಇಲ್ಲದಿದ್ದರೆ ಟಿಕೆಟು ಕೊಂಡು ಬರೀ ಹಬೆ ನೋಡಿ ಬರುತ್ತೀಯ.

ನನಗೆ ಇಷ್ಟವಾದ ಜಾಗ ಮ್ಯೋಬಾನ್ ಎಂಬ ಇನ್ನೊಂದು ಬಡಾವಣೆ. ಅಲ್ಲಿ ಹುಲ್ಲಿನ ಗುಡಿಸಲುಗಳಿವೆ. ನೆಲಕ್ಕೆ ಕಲ್ಲು ಹಾಸಿ, ಅದರ ಮೇಲೆ ನೀಲಿಗಪ್ಪು ಜೇಡಿಮಣ್ಣು ಮೆತ್ತಿ, ಕೆಳಗಿನಿಂದ ಗಂಧಕದ ಹಬೆ ಹಾಯಿಸುತ್ತಾರೆ. ಮಣ್ಣಿನ ಮೇಲೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬಿಳಿ ಹಳದಿ ಹರಳು ಬೆಳೆಯುತ್ತದೆ. ಒಂದೆರಡು ತಿಂಗಳಿಗೆ ಕೆರೆದು ತೆಗೆದು ಸ್ನಾನದ ಪುಡಿ ಮಾಡುತ್ತಾರೆ. ಎಡೊ ಕಾಲದಿಂದ (1603–1868) ನಡೆದುಬಂದ ಪದ್ಧತಿ. ಆ ಕಡೆ ಹೋಗುವಾಗ ಬೆಳ್ಳಿ ತೊಡಬೇಡ, ಗಂಧಕ ತಾಕಿ ಕಪ್ಪಾಗುತ್ತದೆ. ನಾನು ಕಾಲುಂಗುರ ಬಿಚ್ಚಿಟ್ಟೇ ಹೋಗುತ್ತೇನೆ.

ಸ್ನಾನದ ವಿಷಯ: ಹೌದು, ಬಟ್ಟೆಯಿಲ್ಲದೆಯೇ. ಹೆಂಗಸರಿಗೆ ಬೇರೆ ಕೋಣೆ. ತಗ್ಗು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆದು, ಕೂದಲು ಎತ್ತಿ ಕಟ್ಟಿ, ಆಮೇಲೆ ತೊಟ್ಟಿಗಿಳಿ. ಟವೆಲ್ ನೀರಿಗೆ ಸೋಕಬಾರದು. ನಿನ್ನನ್ನು ಯಾರೂ ನೋಡುವುದಿಲ್ಲ. ಮೈ ತೊಳೆಯದೆ ಇಳಿದರೆ ಎಲ್ಲರೂ ನೋಡುತ್ತಾರೆ. ಬಡಾವಣೆಯ ಸ್ನಾನದ ಮನೆಗಳಲ್ಲಿ ನೀರು ಸುಡುತ್ತದೆ. ತಣ್ಣೀರು ತಿರುಗಿಸುವ ಮುನ್ನ ಪಕ್ಕದ ಅಜ್ಜಿಯನ್ನು ಕೇಳು, ಅವರಿಗೆ ಅದು ಸರಿಬರುವುದಿಲ್ಲ. ನಾಚಿಕೆ ಹೆಚ್ಚಿದ್ದರೆ ತಕೆಗವಾರದಿಂದ ಶುರು ಮಾಡು. 1879ರಷ್ಟು ಹಳೆಯ ಸ್ನಾನದ ಮನೆ, ಈಗಿರುವ ಕಟ್ಟಡ 1938ರದು. ಅಲ್ಲಿ ಮರಳು ಸ್ನಾನವಿದೆ: ಹತ್ತಿಯ ನಿಲುವಂಗಿ ತೊಟ್ಟೇ ಮಲಗಬೇಕು. ಕೆಲಸದವರು ಬಿಸಿ ಮರಳನ್ನು ಗುದ್ದಲಿಯಿಂದ ಎಳೆದು ಕುತ್ತಿಗೆಯವರೆಗೆ ಮುಚ್ಚುತ್ತಾರೆ. ಮರಳಿನ ಭಾರಕ್ಕೆ ನಿನ್ನ ನಾಡಿ ನಿನಗೇ ಕೇಳಿಸುತ್ತದೆ.

ಡಿಸೆಂಬರ್ 21 ಅಥವಾ 22ಕ್ಕೆ, ವರ್ಷದ ಅತಿ ಗಿಡ್ಡ ಹಗಲಿನಂದು, ತೊಟ್ಟಿಯಲ್ಲಿ ಯುಜು ಎಂಬ ನಿಂಬೆ ಜಾತಿಯ ಹಣ್ಣುಗಳನ್ನು ತೇಲಿಬಿಡುತ್ತಾರೆ. ನಮ್ಮ ನೀರು ತುಂಬುವ ಹಬ್ಬದ ಸಂಭ್ರಮವೇ, ಎಣ್ಣೆ ಒಂದಿಲ್ಲ ಅಷ್ಟೆ.

ಹಿಮ ಬೇಕೇ ಬೇಕೆಂದರೆ ಮೇಲಕ್ಕೆ ಹೋಗಬೇಕು. ಕೊರೆಯುವ ಚಳಿಯ ದಿನ ತ್ಸುರುಮಿಗೆ ರೋಪ್‌ವೇಯಲ್ಲಿ ಹೋದರೆ ಮಂಜು ಕೊಂಬೆಗಳಿಗೆ ಹೆಪ್ಪುಗಟ್ಟಿ ಮರವೆಲ್ಲ ಬೆಳ್ಳಗಾಗಿರುತ್ತದೆ. ಮಧ್ಯಾಹ್ನಕ್ಕೆ ಉದುರಿಹೋಗುವುದರಿಂದ ಮೊದಲ ಗಾಡಿ ಹಿಡಿ. ಇನ್ನೂ ಒಳಗೆ, ಕುಜು ಬೆಟ್ಟಗಳಲ್ಲಿ (ಅತಿ ಎತ್ತರ 1,791 ಮೀಟರ್), ಮೀಯಿಕೆ ಎಂಬ ಕೊಳ ಗಟ್ಟಿಯಾಗಿ ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆಯುತ್ತಾರೆ. ಬೂಟಿಗೆ ಕಟ್ಟುವ ಮುಳ್ಳುಪಟ್ಟಿಯಿಲ್ಲದೆ, ಒಬ್ಬಳೇ, ಹೋಗಬೇಡ. ಪಕ್ಕದ ಯುಫುಯಿನ್ ಊರಿನ ಕಿನ್‌ರಿನ್ ಕೆರೆಗೆ ಬಿಸಿ ಬುಗ್ಗೆಯ ನೀರೂ ಬಂದು ಸೇರುವುದರಿಂದ ಚಳಿಯ ಮುಂಜಾವಿನಲ್ಲಿ ಕೆರೆಯೇ ಹೊಗೆಯಾಡುತ್ತದೆ. ಆದರೆ ಬೆಪ್ಪು-ಯುಫುಯಿನ್ ನಡುವಿನ ಎಕ್ಸ್‌ಪ್ರೆಸ್ ರಸ್ತೆಯನ್ನು ಮಂಜು, ಹಿಮಕ್ಕೆ ಆಗಾಗ ಮುಚ್ಚುತ್ತಾರೆ. ಆ ದಿನ ವಿಮಾನವೋ ಪರೀಕ್ಷೆಯೋ ಇದ್ದರೆ ಬಸ್ಸನ್ನು ನಂಬಬೇಡ.

ನಿನ್ನನ್ನು ನಿಜವಾಗಿ ಕಾಡುವುದು ಹೊರಗಿನ ಚಳಿಯಲ್ಲ, ಮನೆಯೊಳಗಿನದು. ನೆಲದಡಿ ಇಷ್ಟು ಬೆಂಕಿಯಿದ್ದರೂ ಹಳೆಯ ಬಾಡಿಗೆ ಮನೆಗಳ ಗೋಡೆ ತೆಳು, ಕಾಯಿಸುವುದು ಕೂತ ಒಂದು ಕೋಣೆಯನ್ನು ಮಾತ್ರ. ದಪ್ಪ ಕೋಟನ್ನು ಊರಿನಿಂದ ಹೊತ್ತು ತರಬೇಡ, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಹೀಟರ್ ಅಳವಡಿಸಿದ ತಗ್ಗು ಮೇಜು ಕೊತಾತ್ಸುವನ್ನೂ ಅಲ್ಲೇ ಹುಡುಕು.

ಊಟಕ್ಕೆ ಕಷ್ಟವಿದೆ, ಸಾರುಗಳಿಗೆಲ್ಲ ಮೀನಿನ ರಸ. ಚಳಿಗಾಲದಲ್ಲಿ ನನ್ನ ಉಪಾಯ ಕನ್ನಾವದ ಹಬೆ ಒಲೆಗಳು: ಬುಗ್ಗೆಯ ಆವಿ ತುಂಬಿದ ಕಲ್ಲಿನ ತೊಟ್ಟಿಯನ್ನು ಬಾಡಿಗೆಗೆ ಕೊಡುತ್ತಾರೆ. ಗೆಣಸು, ಕುಂಬಳ, ಎಲೆಕೋಸು ಬುಟ್ಟಿಯಲ್ಲಿಟ್ಟು ಮುಚ್ಚಳ ಹಾಕಿದರೆ ಬೆಂದು ಬರುವಾಗ ತುಸು ಉಪ್ಪು ಹಿಡಿದಿರುತ್ತದೆ. ಚಟ್ನಿಪುಡಿ ನೀನೇ ತರಬೇಕು. ಬರುವಾಗ ನನಗೂ ಅರ್ಧ ಕಿಲೋ ಹಾಕಿಕೊಂಡು ಬಾ, ಶೇಂಗಾದ್ದು.