ಚಳಿಗೆ ಕಾಫಿ ಬೀಜದ ಲೋಳೆ ಯಾಕೆ ಬಿಡಲ್ಲ?

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಅರೇಬಿಕಾ ತೋಟ ಇದೆ. ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹಾಕಿ ತೊಟ್ಟಿಗೆ ಬಿಟ್ಟ ಬೀಜ ಈ ಡಿಸೆಂಬರ್ ಚಳಿಗೆ ಎರಡು ದಿನವಾದರೂ ಜಾರುತ್ತಲೇ ಇರುತ್ತದೆ. ಕುದಿಯುವ ನೀರು ಸುರಿಯಬಹುದಾ? ಎಂಜೈಮ್ ಪುಡಿ ಚೂರು ಹಾಕಿದರೆ ಸಾಕು ಅಂತಾರೆ, ಅಷ್ಟೊಂದು ಬೀಜಕ್ಕೆ ಅದು ಹೇಗೆ ಸಾಕಾಗುತ್ತದೆ?

ಉತ್ತರ: ಕುದಿಯುವ ನೀರು ಮಾತ್ರ ಬೇಡ, ದಯವಿಟ್ಟು.

ಲೋಳೆಯಲ್ಲಿ ಪೆಕ್ಟಿನ್ ಇರುತ್ತದೆ, ಉದ್ದುದ್ದ ಸರಪಳಿಯಂಥ ಅಣುಗಳು. ನೀರು ಸೇರಿ ಅವು ತುಂಡಾಗುವುದು ಶಕ್ತಿಯ ಲೆಕ್ಕದಲ್ಲಿ ಇಳಿಜಾರಿನ ಕೆಲಸವೇ. ಆದರೂ ತಾನಾಗಿ ಆಗಲ್ಲ, ಯಾಕಂದ್ರೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯ ಮೊದಲಿಗೇ ಒಂದು ದಿಬ್ಬ ಅಡ್ಡ ಇದ್ದಂತೆ, ಹಳೆಯ ಬಂಧ ಮುರಿಯಲು ಶುರುವಿನಲ್ಲಿ ಒಂದಿಷ್ಟು ಶಕ್ತಿ ಬೇಕು. ಚಳಿಯಲ್ಲಿ ಅಷ್ಟು ಶಕ್ತಿ ಇರುವ ಅಣುಗಳೇ ಕಡಿಮೆ. ಸಾಮಾನ್ಯವಾಗಿ 10 ಡಿಗ್ರಿ ಇಳಿದರೆ ವೇಗ ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಅರೇಬಿಕಾಗೆ ಲೋಳೆ ಬಿಡಲು 24ರಿಂದ 36 ಗಂಟೆ ಅನ್ನುವ ಲೆಕ್ಕ ತಪ್ಪುವುದು ಇದಕ್ಕೇ.

ಹಣ್ಣಿನಲ್ಲಿರುವ ಮತ್ತು ತೊಟ್ಟಿಯ ಸೂಕ್ಷ್ಮಜೀವಿಗಳು ಬಿಡುವ ಪೆಕ್ಟಿನೇಸ್ ಅನ್ನುವ ಕಿಣ್ವ (ಎಂಜೈಮ್) ಆ ದಿಬ್ಬವನ್ನೇ ತಗ್ಗಿಸುತ್ತದೆ. ಒಟ್ಟು ಎಷ್ಟು ಶಕ್ತಿ ಹೊರಬರಬೇಕೋ ಅದರಲ್ಲಿ ಬದಲಾವಣೆ ಇಲ್ಲ, ಬೇಗ ಆಗುತ್ತದೆ ಅಷ್ಟೇ. ಕಿಣ್ವ ಒಂದು ಬಂಧ ಕತ್ತರಿಸಿ ಬಿಟ್ಟು, ಹಾಗೇ ಇದ್ದು, ಮುಂದಿನದಕ್ಕೆ ಹೋಗುತ್ತದೆ. ಖರ್ಚಾಗುವುದಿಲ್ಲ. ಅದಕ್ಕೇ ಚೂರು ಪುಡಿ ಸಾಕು. ಅದೂ ಚಳಿಯಲ್ಲಿ ನಿಧಾನವೇ, ಅದು ನೆನಪಿರಲಿ.

ಹಾಗಾದರೆ ಬಿಸಿ ಯಾಕೆ ಬೇಡ? ಕಿಣ್ವ ಅಂದರೆ ಪ್ರೋಟೀನ್, ಅದು ಮಡಚಿಕೊಂಡಿರುವ ಆಕಾರದಲ್ಲೇ ಕೆಲಸ ಇರುವುದು. ಕುದಿಯುವ ನೀರಿಗೆ ಆ ಮಡಿಕೆ ಬಿಚ್ಚಿಹೋಗುತ್ತದೆ, ತಣ್ಣಗಾದ ಮೇಲೂ ಸಾಮಾನ್ಯವಾಗಿ ಸರಿಯಾಗಲ್ಲ. ಬೀಜವೂ ಕೆಡುತ್ತದೆ.

ಅದರ ಬದಲು ತೊಟ್ಟಿಯನ್ನು ಗೋಣಿಯಿಂದ ಮುಚ್ಚಿ. ರಾಶಿಯ ನಡುವೆ ಕೈ ಹಾಕಿ ನೋಡಿ, ಅಂಚಿಗಿಂತ ಬೆಚ್ಚಗಿರುತ್ತದೆ. ಸೂಕ್ಷ್ಮಜೀವಿಗಳು ಸಕ್ಕರೆ ಒಡೆಯುವಾಗ ಹೊರಬರುವ ಶಾಖ ಅದು, ಸುಮ್ನೆ ಚಳಿಗೆ ಬಿಟ್ಟುಕೊಡಬೇಡಿ. ಆಗಾಗ ಮಗುಚಿದರೆ ಎಲ್ಲಾ ಕಡೆ ಒಂದೇ ಹದ ಬರುತ್ತದೆ.

ಗಡಿಯಾರ ನೋಡಿ ತೊಳೆಯಬೇಡಿ. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜಿ. ಜಾರದೆ, ಸಣ್ಣ ಕಲ್ಲಿನ ಹಾಗೆ ತರಿತರಿಯಾಗಿ ಸಿಕ್ಕಿದರೆ ಆಯ್ತು, ರಾತ್ರಿಯಾಗಿದ್ದರೂ ಆಗಲೇ ತೊಳೆದುಬಿಡಿ. ಲೋಳೆ ಹೋದ ಮೇಲೂ ಬಿಟ್ಟರೆ ಹುಳಿ ಜಾಸ್ತಿಯಾಗಿ ವಿನಿಗರ್ ವಾಸನೆ ಹತ್ತುತ್ತದೆ, ಆಮೇಲೆ ಕಣದಲ್ಲಿ ಎಷ್ಟು ಒಣಗಿಸಿದರೂ ಅದು ಹೋಗಲ್ಲ.