1/4000 ಶಟರ್ ಇಟ್ಟರೂ ನೀರಿನ ಹನಿ ಫೋಟೊದಲ್ಲಿ ಎಳೆದಂತೆ ಬರುತ್ತದೆ, ಯಾಕೆ?

ನೀವು ಕೇಳಿದ್ದು ಎರಡು: ಹೈ-ಸ್ಪೀಡ್ ಸಿಂಕ್ (ಇಷ್ಟು ವೇಗದ ಶಟರ್ ಜೊತೆಗೂ ಫ್ಲ್ಯಾಶ್ ಬಳಸಲು ಬಿಡುವ ವ್ಯವಸ್ಥೆ) ಹಾಕಿ 1/4000ರಲ್ಲಿ ತೆಗೆದರೂ ಹನಿ ಯಾಕೆ ಚೂಪಾಗಿ ಬರುತ್ತಿಲ್ಲ, ಹನಿ ಬೀಳುವ ಹೊತ್ತನ್ನೂ ಫೋಟೊ ತೆಗೆಯುವ ಹೊತ್ತನ್ನೂ ತಾನೇ ಹೊಂದಿಸುವ ಸೆನ್ಸರ್-ವಾಲ್ವ್ ಕಿಟ್ ಕೊಳ್ಳಲೇಬೇಕಾ. ಕಿಟ್ ಸದ್ಯಕ್ಕೆ ಬೇಡ. ನಿಮ್ಮ ಡಿಎಸ್‌ಎಲ್‌ಆರ್ ಮತ್ತು ಹಾಟ್‌ಶೂ ಫ್ಲ್ಯಾಶ್ (ಕ್ಯಾಮೆರಾ ತಲೆಯ ಮೇಲೆ ಸಿಕ್ಕಿಸುವ ಬಿಡಿ ಫ್ಲ್ಯಾಶ್) ಸಾಕು.

40 ಸೆಂ.ಮೀ. ಮೇಲಿಂದ ಬಿದ್ದ ಹನಿ ನೀರು ಮುಟ್ಟುವಾಗ ಸೆಕೆಂಡಿಗೆ ಸುಮಾರು 2.8 ಮೀಟರ್ ವೇಗದಲ್ಲಿರುತ್ತದೆ. 1/4000 ಸೆಕೆಂಡಿನಲ್ಲಿ 0.7 ಮಿ.ಮೀ. ಇಳಿಯುತ್ತದೆ. 10 ಸೆಂ.ಮೀ. ಅಗಲದ ದೃಶ್ಯವನ್ನು 24 ಮೆಗಾಪಿಕ್ಸೆಲ್‌ನಲ್ಲಿ ತೆಗೆದರೆ ಅದು 40 ಪಿಕ್ಸೆಲ್‌ನಷ್ಟು ಉದ್ದದ ಗೀರು. ಹೈ-ಸ್ಪೀಡ್ ಸಿಂಕ್‌ನಲ್ಲಿ ಫ್ಲ್ಯಾಶ್ ಒಂದೇ ಸಲ ಮಿಂಚುವುದಿಲ್ಲ, ಶಟರ್ ಪರದೆ ಸರಿಯುವಷ್ಟು ಹೊತ್ತೂ ಪಟಪಟ ಮಿನುಗುತ್ತಲೇ ಇರುತ್ತದೆ. ಆದ್ದರಿಂದ ಹೈ-ಸ್ಪೀಡ್ ಸಿಂಕ್ ಆಫ್ ಮಾಡಿ, ಫ್ಲ್ಯಾಶನ್ನು ಮ್ಯಾನ್ಯುಯಲ್ 1/32 ಪವರ್‌ಗೆ ಇಳಿಸಿ. ಹಾಟ್‌ಶೂ ಫ್ಲ್ಯಾಶ್‌ಗಳಲ್ಲಿ ಪವರ್ ಇಳಿಸಿದಷ್ಟೂ ಮಿಂಚಿನ ಅವಧಿ ಕುಗ್ಗುತ್ತದೆ; 1/32ರಲ್ಲಿ ಅದು 1/15000 ಸೆಕೆಂಡಿನ ಆಸುಪಾಸು, ಅಂದರೆ ಹನಿ ಕದಲುವುದು 0.2 ಮಿ.ಮೀ.ಗಿಂತ ಕಡಿಮೆ. ಬೆಳಕು ಸಾಲದಿದ್ದರೆ ಪವರ್ ಏರಿಸಬೇಡಿ, ಫ್ಲ್ಯಾಶನ್ನು ಹತ್ತಿರ ತನ್ನಿ.

ಕತ್ತಲಲ್ಲಿ ಹನಿಯನ್ನು ನಿಲ್ಲಿಸುವುದು ಶಟರ್ ಅಲ್ಲ, ಈ ಮಿಂಚು. ಹಾಗಾಗಿ ಶಟರ್ 1/160, ಎಫ್/11, ಐಎಸ್‌ಒ 400ರಿಂದ ಶುರು ಮಾಡಿ. ಕಿಟಕಿ ಪರದೆ ಎಳೆದು, ಫ್ಲ್ಯಾಶ್ ಇಲ್ಲದೆ ಒಂದು ಫೋಟೊ ತೆಗೆಯಿರಿ: ಪೂರ್ತಿ ಕಪ್ಪಾಗಿ ಬರಬೇಕು. ಏನಾದರೂ ಕಂಡರೆ ಕೋಣೆಯ ಬೆಳಕು ನುಸುಳುತ್ತಿದೆ, ಹನಿಯ ಸುತ್ತ ಅದೇ ಮಂಕು ನೆರಳಾಗಿ ಕೂರುತ್ತದೆ.

ಹನಿ ಬೀಳಿಸಲು ಔಷಧಿ ಅಂಗಡಿಯ ಐವಿ ಸೆಟ್‌ಗಿಂತ (ರೋಗಿಗೆ ಡ್ರಿಪ್ ಹಾಕುವ ನಳಿಕೆ) ಅಗ್ಗದ್ದು, ಒಳ್ಳೆಯದು ಇಲ್ಲ. ಬಾಟಲಿಯ ಮುಚ್ಚಳಕ್ಕೆ ಸೆಟ್‌ನ ಮುಳ್ಳು ಚುಚ್ಚಿ, ತಲೆಕೆಳಗಾಗಿ ತೂಗುಹಾಕಿ, ತಳ ಕತ್ತರಿಸಿ. ಗಾಳಿ ಒಳಗೆ ಹೋಗದಿದ್ದರೆ ಸ್ವಲ್ಪ ಹೊತ್ತಿಗೆ ಹನಿ ನಿಂತುಬಿಡುತ್ತದೆ. ನಳಿಕೆಯ ಮೇಲಿನ ಚಕ್ರ ತಿರುಗಿಸಿ ಎರಡು ಸೆಕೆಂಡಿಗೊಂದು ಹನಿಗೆ ಹೊಂದಿಸಿ. ನೀರು ಇಳಿದಂತೆ ಒತ್ತಡ ಕಡಿಮೆಯಾಗಿ ಲಯ ನಿಧಾನವಾಗುತ್ತದೆ, ಆಗಾಗ ತುಂಬಿಸುತ್ತಿರಿ. ಹಾಲನ್ನು ಬಾಟಲಿಗೆ ಹಾಕಬೇಡಿ: ಸೆಟ್‌ನಲ್ಲಿ ಹನಿ ತೊಟ್ಟಿಕ್ಕುವ ಚೇಂಬರಿನ ಅಡಿಯಲ್ಲಿ ಸಣ್ಣ ಜಾಲರಿ ಇರುತ್ತದೆ, ಕೆನೆ ಕಟ್ಟಿಕೊಳ್ಳುತ್ತದೆ. ಹಾಲು ಕೆಳಗಿನ ಟ್ರೇಯಲ್ಲಿರಲಿ, ಬಣ್ಣದ ನೀರು ಮೇಲಿಂದ ಬೀಳಲಿ.

ಟ್ರೇಯನ್ನು ಕಂಠಪೂರ್ತಿ ತುಂಬಿ, ಇಲ್ಲದಿದ್ದರೆ ಹಿಂದಿನ ಅಂಚು ಫ್ರೇಮಿನಲ್ಲಿ ಅಡ್ಡ ಬರುತ್ತದೆ. ಚೆಲ್ಲಿದ್ದನ್ನು ಹಿಡಿಯಲು ಅಡಿಯಲ್ಲಿ ದೊಡ್ಡ ತಟ್ಟೆ ಇಡಿ. ಆಳಕ್ಕೆ ತಕ್ಕಂತೆ ಆಕಾರವೂ ಬದಲಾಗುತ್ತದೆ. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ 1957ರಲ್ಲಿ ತೆಗೆದ ಹಾಲಿನ ಕಿರೀಟದಂಥದ್ದು ಬೇಕಿದ್ದರೆ ಟ್ರೇ ಬದಲು ತಟ್ಟೆಯ ಮೇಲೆ ಹಾಲಿನ ತೆಳು ಪದರ ಸಾಕು. ಹನಿ ಬಿದ್ದ ಜಾಗದಿಂದ ಮೇಲೇಳುವ ನೀರಿನ ಕಂಬ ಬೇಕಿದ್ದರೆ ನಾಲ್ಕೈದು ಸೆಂ.ಮೀ. ಆಳ ಬೇಕು. ಮೊದಲು ಕಂಬಕ್ಕೇ ಪ್ರಯತ್ನಿಸಿ: ಕಿರೀಟಕ್ಕಿಂತ ತಡವಾಗಿ ಏಳುತ್ತದೆ, ತುದಿ ತಲುಪಿದಾಗ ಕ್ಷಣಕಾಲ ಬಹುತೇಕ ನಿಂತಿರುತ್ತದೆ. ಟ್ರೇಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಅಂಶ ಅಂಟಿದ್ದರೆ ಮೇಲ್ಮೈ ಸೆಳೆತ ಸಡಿಲವಾಗಿ ಗುಳ್ಳೆಗಳು ಏಳುತ್ತವೆ, ಚೆನ್ನಾಗಿ ಜಾಲಿಸಿ.

ಫೋಕಸ್‌ಗೆ ಆಟೋ ನಂಬಬೇಡಿ. ಟ್ರೇಗೆ ಅಡ್ಡಲಾಗಿ ಸ್ಕೇಲ್ ಇಟ್ಟು, ಹನಿ ಸ್ಕೇಲಿನ ಮೇಲೆಯೇ ಬೀಳುವಂತೆ ಸರಿಸಿ, ಅಲ್ಲಿ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ತಿರುಗಿಸಿ. ಆಮೇಲೆ ಟ್ರೈಪಾಡ್ ಮುಟ್ಟಬಾರದು. ಫ್ಯಾನ್ ಆಫ್, ಗಾಳಿಗೆ ಹನಿ ಅರ್ಧ ಸೆಂ.ಮೀ. ವಾಲಿದರೂ ಫೋಕಸ್ ತಪ್ಪುತ್ತದೆ.

ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಇಡಬೇಡಿ, ಕೇಬಲ್ ಅಥವಾ ವೈರ್‌ಲೆಸ್ ಟ್ರಿಗರ್‌ನಿಂದ ಜೋಡಿಸಿ. ನೀರಿನಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಟ್ರೇ ಹಿಂದೆ ಟ್ರೇಸಿಂಗ್ ಪೇಪರ್ ನಿಲ್ಲಿಸಿ ಅದರ ಹಿಂದಿನಿಂದ ಹೊಡೆಯಿರಿ. ಫ್ಲ್ಯಾಶ್‌ಗೆ ಪ್ಲಾಸ್ಟಿಕ್ ಚೀಲ ಸುತ್ತುವುದು ಕಡ್ಡಾಯ, ಒಳಗೆ ನೂರಾರು ವೋಲ್ಟ್ ಇರುತ್ತದೆ. ಟ್ರೇಯಲ್ಲಿ ಹಾಲಿದ್ದರೆ ಹಿಂಬೆಳಕು ಅಷ್ಟು ಚೆಂದವಲ್ಲ, ಪಕ್ಕದಿಂದ ಕೊಡಿ.

ಸಮಯದ್ದೇ ಕಷ್ಟ. ಹನಿ ಬೀಳಲು 0.29 ಸೆಕೆಂಡ್ ಬೇಕು, ಬಿಟ್ಟುಕೊಂಡದ್ದು ನೋಡಿ ಬೆರಳು ಒತ್ತಲು ಸುಮಾರು 0.2 ಸೆಕೆಂಡ್, ಕ್ಯಾಮೆರಾದ ತಡ ಬೇರೆ. ಅಂದರೆ ನಳಿಕೆಯ ತುದಿಯಿಂದ ಹನಿ ಕಳಚಿದ್ದನ್ನು ಕಂಡ ತಕ್ಷಣ ಒತ್ತಿದರೆ ಹೆಚ್ಚುಕಡಿಮೆ ತಾಗುವ ಹೊತ್ತು. ಕಂಬಕ್ಕೆ ಒಂದು ಚಿಟಿಕೆ ತಡಮಾಡಿ. ಹತ್ತರಲ್ಲಿ ಒಂದೆರಡು ಸಿಕ್ಕರೆ ಸರಿ ಅಂದುಕೊಳ್ಳಿ.

ಕಂಬದ ತುದಿಗೆ ಎರಡನೇ ಹನಿ ಬಡಿದು ಕೊಡೆಯಂತೆ ಹರಡುವ ಚಿತ್ರ ಬೇಕಾದಾಗ ಮಾತ್ರ ಕಿಟ್‌ಗೆ ದುಡ್ಡು ಹಾಕಿ. ಎರಡು ಹನಿಗಳ ನಡುವಿನ ಅಂತರವನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಹಿಡಿಯುವುದು ಬೆರಳಿನಿಂದ ಆಗುವುದಿಲ್ಲ.